ಹೇಳದೆ ಕೇಳದೆ ಬಸ್ ಹತ್ತುವ ಫೋನು

ಫೋನು ಇದ್ದಕ್ಕಿದ್ದಂತೆ ಮುಷ್ಕರ ಹೂಡಿದರೆ ನಾವು ಏನು ಮಾಡುತ್ತೇವೆ? ಮೊದಲು ಅಂಗೈಗೆ ಎರಡು ಸಲ ಕುಟ್ಟುತ್ತೇವೆ. ಆಮೇಲೆ ಕಿಟಕಿಯ ಹತ್ತಿರ ಹೋಗಿ ಕೈ ಎತ್ತಿ ನಿಲ್ಲುತ್ತೇವೆ. ಅದಕ್ಕೂ ಬಗ್ಗದಿದ್ದರೆ ಆಫ್ ಮಾಡಿ ಆನ್ ಮಾಡುತ್ತೇವೆ. ಬಸ್ ನಿಲ್ದಾಣದ ಎದುರಿನ ಟೈಲರ್ ಅಂಗಡಿಯ ಪುಟ್ಟಿ ಈ ಮೂರನ್ನೂ ಮಾಡಿ ಮುಗಿಸಿದಳು. ಆಮೇಲೆ ಅಕ್ಕನ ಮೇಲೆ ಸಿಟ್ಟು ಮಾಡಿಕೊಂಡಳು. ಎಡವಟ್ಟೆಲ್ಲ ಆದದ್ದು ಅಲ್ಲಿಂದಲೇ.

ಪುಟ್ಟಿ ಎಂದರೆ ಚಿಕ್ಕ ಹುಡುಗಿ ಎಂದುಕೊಳ್ಳಬೇಡಿ. ವಯಸ್ಸು ನಲವತ್ತು ದಾಟಿದೆ, ಮೂಗಿನ ಮೇಲೆ ಕನ್ನಡಕ ಬಂದು ಕೂತಿದೆ. ಅಕ್ಕ ಹಾಗೆ ಕರೆಯುತ್ತಾಳೆ, ಅದಕ್ಕೇ ಬೀದಿಯವರೂ ಹಾಗೇ ಕರೆಯುತ್ತಾರೆ. ಅಂಗಡಿ ಇಬ್ಬರದೂ. ಅಕ್ಕ ಅಳತೆ ಹಾಕಿ ಬಟ್ಟೆ ಕತ್ತರಿಸುವವಳು, ಪುಟ್ಟಿ ಮೆಷಿನ್ ತುಳಿದು ಹೊಲಿಯುವವಳು. ಇಪ್ಪತ್ತೆರಡು ವರ್ಷ ದೊಡ್ಡ ಕತ್ತರಿಯನ್ನು ಅಕ್ಕ ಯಾರ ಕೈಗೂ ಕೊಟ್ಟವಳಲ್ಲ. ಎರಡು ತಿಂಗಳ ಹಿಂದೆ ಮನೆಯ ಮೆಟ್ಟಿಲಲ್ಲಿ ಕಾಲು ಜಾರಿ ಬಿದ್ದಳು, ಸೊಂಟದ ಮೂಳೆ ಮುರಿಯಿತು. ಆರು ತಿಂಗಳು ಹಾಸಿಗೆ ಬಿಟ್ಟು ಏಳುವ ಹಾಗಿಲ್ಲ ಎಂದು ಡಾಕ್ಟರು ಹೇಳಿದರು. ಕತ್ತರಿ ಪುಟ್ಟಿಯ ಕೈಗೆ ಬಂತು, ಅಕ್ಕನನ್ನು ಕೇಳದೆ ಅದನ್ನು ಬಟ್ಟೆಗೆ ತಾಗಿಸಲು ಅವಳಿಗೆ ಧೈರ್ಯ ಬರಲಿಲ್ಲ.

ಉಪಾಯ ಹುಡುಕಿದವಳು ಅಕ್ಕನೇ. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದ ಕೂಡಲೇ ಪುಟ್ಟಿ ವಿಡಿಯೋ ಕಾಲ್ ಹಚ್ಚಬೇಕು. ಫೋನನ್ನು ದಾರದ ಡಬ್ಬಕ್ಕೆ ಒರಗಿಸಿ, ಕತ್ತರಿಸುವ ಮೇಜು ಪೂರ್ತಿ ಕಾಣುವ ಹಾಗೆ ಇಡಬೇಕು. ಆ ಕಡೆ ಅಕ್ಕ ಮೂರು ದಿಂಬಿಗೆ ಒರಗಿಕೊಂಡು ಕಣ್ಣಿಟ್ಟು ನೋಡುತ್ತಾಳೆ.

ಇವರಿಬ್ಬರ ನಡುವೆ ಒಂದು ಹಳೆಯ ಕಟ್ಟಳೆ ಇತ್ತು. ಕೆಲಸ ಸರಿಯಿದ್ದರೆ ಅಕ್ಕ ಬಾಯಿ ಬಿಡುವುದಿಲ್ಲ. ತಪ್ಪಿದರೆ ಮಾತ್ರ ಮಾತಾಡುತ್ತಾಳೆ, ಮಾತಾಡಿದರೆ ಪಕ್ಕದ ಚಪ್ಪಲಿ ಅಂಗಡಿಗೂ ಕೇಳಿಸುತ್ತದೆ. ಹಾಗಾಗಿ ಪುಟ್ಟಿ ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು "ಅಕ್ಕಾ, ಇಲ್ಲಿ?" ಎನ್ನುತ್ತಾಳೆ. ಮನಸ್ಸಿನಲ್ಲೇ ಒಂದು, ಎರಡು, ಮೂರು ಎಣಿಸುತ್ತಾಳೆ. ಅಕ್ಕ ಸುಮ್ಮನಿದ್ದರೆ ಕತ್ತರಿ ಓಡುತ್ತದೆ.

ಮೊದಮೊದಲು ಎಲ್ಲ ಸಲೀಸಾಗಿ ನಡೆಯಿತು. ಒಂದು ದಿನ ಪುಟ್ಟಿ ಅಕ್ಕನ ಎಕ್ಸ್‌ರೇ ತರಲು ನೀಲಿ ಬಸ್ಸಿನಲ್ಲಿ ಆಸ್ಪತ್ರೆಗೆ ಹೋದಳು. ಬಸ್ಸಿನ ಕಿಟಕಿಗೆ 'ಉಚಿತ ವೈಫೈ' ಎಂದು ಅಂಟಿಸಿದ್ದರು. ಪುಕ್ಕಟೆ ಅಂದರೆ ಯಾರಿಗೆ ಬೇಡ? ಫೋನಿನಲ್ಲಿ ಬಸ್ಸಿನ ವೈಫೈ ಹೆಸರು ಕಂಡಿತು, ಒತ್ತಿದಳು, ನಂಬರ್ ಕೇಳಿತು, ಹಾಕಿದಳು. ಆಸ್ಪತ್ರೆ ಬರುವವರೆಗೆ ಯಾರೋ ತೋಳಿನ ಕೆಲಸ ಹೇಳಿಕೊಡುವ ವಿಡಿಯೋ ನೋಡಿಕೊಂಡು ಹೋದಳು. ಇಳಿದ ಮೇಲೆ ಅದನ್ನು ಮರೆತೇಬಿಟ್ಟಳು.

ಆದರೆ ಮಾರನೆಯ ದಿನದಿಂದ ಅಂಗಡಿಯಲ್ಲಿ ಹೊಸ ತರಲೆ ಶುರುವಾಯಿತು. ಕಾಲ್ ಚೆನ್ನಾಗಿ ನಡೆಯುತ್ತಿರುವಾಗಲೇ ಅಕ್ಕನ ದನಿ ನಿಂತುಹೋಗುತ್ತಿತ್ತು. ಮುಖ ಇದ್ದಲ್ಲೇ ಇರುತ್ತಿತ್ತು. ಸ್ವಲ್ಪ ಹೊತ್ತಿಗೆ ಕಾಲೇ ಕಡಿದುಹೋಗುತ್ತಿತ್ತು. ಐದು ನಿಮಿಷ ಕಳೆದರೆ ಮತ್ತೆ ಎಲ್ಲ ಸರಿ.

"ಯಾಕೇ ಕಟ್ ಮಾಡ್ದೆ?" ಎಂದು ಅಕ್ಕ ಕೇಳುವಳು.

"ನಾನೆಲ್ಲಿ ಕಟ್ ಮಾಡ್ದೆ? ನೀನೇ ಮಾಡಿದ್ದು."

"ಹಾಸಿಗೆ ಮೇಲೆ ಬಿದ್ದಿರೋಳು, ನಂಗೇನು ಬೇರೆ ಕೆಲಸ ಇದ್ಯಾ ಕಟ್ ಮಾಡ್ಕೊಂಡು ಹೋಗಕ್ಕೆ?"

"ಹಂಗಾದ್ರೆ ಅದರಷ್ಟಕ್ಕೆ ಅದೇ ಕಟ್ ಆಯ್ತಾ?"

"ನನ್ನೇ ಕೇಳ್ತೀಯಲ್ಲ!"

ಒಂದು ದಿನ ಹೀಗೆ, ಎರಡು ದಿನ ಹೀಗೆ. ಪುಟ್ಟಿಗೆ ತಲೆಬುಡ ತಿಳಿಯಲಿಲ್ಲ. ಇಸ್ತ್ರಿ ಪೆಟ್ಟಿಗೆಯ ಬಿಸಿಗೆ ಫೋನು ಹೀಗಾಡುತ್ತಿದೆಯೇನೋ ಎಂದು ಪೆಟ್ಟಿಗೆಯನ್ನು ಮೂಲೆಗೆ ತಳ್ಳಿದಳು. ಮೇಲಿನ ತಗಡಿನ ಮಾಡು ಅಡ್ಡ ಬರುತ್ತಿದೆಯೇನೋ ಎಂದು ಮೇಜನ್ನೇ ಎಳೆದು ಬಾಗಿಲ ಬಳಿ ತಂದಳು. ಅಲ್ಲಿ ತೊಂದರೆ ಇನ್ನೂ ಹೆಚ್ಚಾಯಿತು! ಕೊನೆಗೆ ಫೋನ್ ರಿಪೇರಿಯವನ ಹತ್ತಿರ ಹೋದಳು. ಅವನ ಅಂಗಡಿ ಎರಡು ಬೀದಿ ಆಚೆ. ಅವನು ಅರ್ಧ ಗಂಟೆ ಹಿಂದೆ ಮುಂದೆ ತಿರುಗಿಸಿ ನೋಡಿ, "ಫೋನ್ ಗಟ್ಟಿಮುಟ್ಟಾಗಿದೆ ಅಕ್ಕಾ, ಸಿಗ್ನಲ್ಲೂ ಚೆನ್ನಾಗಿ ಬರ್ತಿದೆ. ನೀವೇ ಏನೋ ತಪ್ಪು ಒತ್ತಿರ್ಬೇಕು" ಎಂದು ಕೈತೊಳೆದುಕೊಂಡ. ಅಲ್ಲಿ ಸರಿ, ಮನೆಯಲ್ಲಿ ಸರಿ, ಅಂಗಡಿಯಲ್ಲಿ ಮಾತ್ರ ಕಾಟ. ಅಂಗಡಿಯಲ್ಲೂ ಯಾವಾಗಲೂ ಅಲ್ಲ.

ಹಾಗಾದರೆ ತಪ್ಪು ಫೋನಿನದಲ್ಲ, ಅಕ್ಕನದೇ ಎಂಬ ಅನುಮಾನ ಪುಟ್ಟಿಯ ತಲೆ ಹೊಕ್ಕಿತು. ಸೊಂಟದ ನೋವಿಗೆ ನುಂಗುವ ಮಾತ್ರೆಗಳಿಂದ ಸಿಟ್ಟು ಬರುತ್ತಿರಬಹುದೇ? ಸಿಟ್ಟು ಬಂದಾಗ ಮುಖ ಗಂಟಿಕ್ಕಿ ಕೂತು, ಆಮೇಲೆ ಕಾಲ್ ಕಟ್ ಮಾಡುತ್ತಿರಬಹುದೇ? ಸಾಕ್ಷಿ ಇರಲಿ ಎಂದು ಮೇಜಿನ ಅಂಚಿನಲ್ಲಿ ಸೀಮೆಸುಣ್ಣದಿಂದ ಕಾಲ್ ಕಡಿಯುವ ಹೊತ್ತು ಬರೆದಿಡತೊಡಗಿದಳು. ಕಂಡಷ್ಟು ಬರೆದಳು, ಗಿರಾಕಿ ಬಂದಾಗ ಬಿಟ್ಟಳು. ಒಂಬತ್ತು ನಲವತ್ತು. ಹನ್ನೊಂದು ಐವತ್ತೈದು. ಎರಡು ಹತ್ತು. ಮೂರು ನಲವತ್ತು. ಓದಿ ನೋಡಿದಳು. ಮಾತ್ರೆಯ ಹೊತ್ತಿಗೂ ಇದಕ್ಕೂ ತಾಳೆಯಾಗಲಿಲ್ಲ. ತಲೆ ಇನ್ನಷ್ಟು ಕೆಟ್ಟುಹೋಯಿತು.

ಇಂಥ ಗೊಂದಲದ ನಡುವೆಯೇ ಆ ಕೋಟು ಬಂತು.

ಕೋಟು ತಂದವರು ಎದುರಿನ ನಿಲ್ದಾಣದ ಟೈಮ್‌ಕೀಪರಮ್ಮ. ಬೂತಿನಲ್ಲಿ ಕೂತು ಯಾವ ಬಸ್ಸು ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತಿಗೆ ಹೋಯಿತು ಎಂದು ಬರೆಯುವುದು ಅವರ ಕೆಲಸ. ದಪ್ಪ ಉಣ್ಣೆಯ ಕಂದು ಕೋಟನ್ನು ಅವರು ಮಗುವನ್ನು ಎತ್ತಿಕೊಂಡ ಹಾಗೆ ತಂದಿದ್ದರು.

"ನಮ್ಮಮ್ಮಂದು. ಹೋಗಿ ಒಂದು ವರ್ಷ ಆಯ್ತು. ಅಮ್ಮ ಎತ್ತರ, ದಪ್ಪ. ನಾನು ನೋಡಿ, ಹಿಂಗಿದೀನಿ. ಮೊಳೆಗೆ ನೇತಾಕಿ ನೋಡ್ತಾ ಕೂತ್ಕೊಳ್ಳೋ ಬದಲು ಚಿಕ್ಕದು ಮಾಡ್ಸಿ ಹಾಕ್ಕೊಳ್ಳೋಣ ಅಂತ. ಬೆಳಗಿನ ಪಾಳಿಲಿ ಬೂತಲ್ಲಿ ಚಳಿ ಹಿಡಿಯುತ್ತೆ. ಸ್ವಲ್ಪ ಜೋಪಾನ ಟೈಲರಮ್ಮ, ಇದು ಹೋದ್ರೆ ಇನ್ನೊಂದಿಲ್ಲ."

"ಅಕ್ಕ ನೋಡ್ತಾ ಇರ್ತಾಳೆ ಮೇಡಂ. ಹೆದರಬೇಡಿ," ಎಂದಳು ಪುಟ್ಟಿ.

ಮರುದಿನ ಬೆಳಿಗ್ಗೆ ಕೋಟನ್ನು ಮೇಜಿನ ಮೇಲೆ ಹರಡಿದಳು. ಮೊದಲು ಕೆಳಗಿನ ಉದ್ದ. "ಅಕ್ಕಾ, ಇಲ್ಲಿ?" ಒಂದು, ಎರಡು, ಮೂರು. ಅಕ್ಕ ಸುಮ್ಮನಿದ್ದಳು. ಕತ್ತರಿ ಓಡಿತು, ನಾಲ್ಕು ಬೆರಳಿನಗಲದ ಪಟ್ಟಿ ಬಂದು ಬುಟ್ಟಿಗೆ ಬಿತ್ತು. ಆಮೇಲೆ ಎಡಗಡೆಯ ಮುಂಭಾಗ. ಗುಂಡಿ ಹಾಕುವ ಅಂಚು ಸವೆದು ನೂಲು ಎದ್ದಿತ್ತು. ಸವೆದಷ್ಟನ್ನು ತೆಗೆದುಬಿಡೋಣ ಎಂದು ಪುಟ್ಟಿ ಎರಡು ಬೆರಳು ಒಳಗೆ ಗೆರೆ ಎಳೆದಳು. ಕಣ್ಣು ಬಟ್ಟೆಯ ಮೇಲೇ ಇತ್ತು.

"ಅಕ್ಕಾ, ಇಲ್ಲಿ?"

ಒಂದು. ಎರಡು. ಮೂರು. ಅಕ್ಕನಿಂದ ಸದ್ದಿಲ್ಲ. ಕತ್ತರಿ ಮೇಲಿನಿಂದ ಕೆಳಗಿನವರೆಗೆ ಹೋಯಿತು.

ತಲೆಯೆತ್ತಿ ನೋಡಿದರೆ ಫೋನಿನಲ್ಲಿ ಅಕ್ಕನ ಮುಖ ಕಲ್ಲಾಗಿ ನಿಂತಿತ್ತು. ಬಾಯಿ ಅರ್ಧ ತೆರೆದಿತ್ತು, ಒಂದು ಕೈ ಮೇಲೆದ್ದಿತ್ತು. ಕಾಲ್ ಕಡಿಯಿತು. ಗೋಡೆ ಗಡಿಯಾರದಲ್ಲಿ ಹನ್ನೊಂದು ಹತ್ತು. ಪುಟ್ಟಿ ಕತ್ತರಿ ಕೆಳಗಿಟ್ಟು ಕೋಟಿನ ಎರಡು ಅಂಚುಗಳನ್ನು ಕೂಡಿಸಿ ನೋಡಿದಳು. ಗುಂಡಿ ಹಾಕಲು ಒಂದರ ಮೇಲೊಂದು ಬರಬೇಕಾದ ಬಟ್ಟೆಯೇ ಇಲ್ಲ. ಕೋಟು ಇನ್ನು ಮುಚ್ಚುವುದಿಲ್ಲ.

ಐದು ನಿಮಿಷಕ್ಕೆ ಅಕ್ಕನೇ ಕಾಲ್ ಮಾಡಿದಳು, ಕತ್ತರಿಸಿದ ಅಂಚನ್ನು ಕಂಡಳು. "ಅದನ್ನ ಮಡಚ್ಬೇಕಿತ್ತು, ಕತ್ತರಿಸೋದಲ್ಲ! ಬೇಡ ಬೇಡ ಅಂತ ಬಡ್ಕೊಂಡೆ. ಯಾಕೆ ಕೇಳ್ಲಿಲ್ಲ?"

"ನೀನೆಲ್ಲಿ ಹೇಳ್ದೆ? ಸುಮ್ನೆ ಕೂತಿದ್ದೆ. ಸುಮ್ನಿದ್ರೆ ಸರಿ ಅಂತ ಅಲ್ವಾ?"

"ಗಂಟಲು ಹರ್ಕೊಂಡಿದೀನಿ ನಾನು. ನೀನು ಫೋನ್ ಕಟ್ ಮಾಡಿ ಕತ್ತರಿ ಆಡಿಸಿದೀಯ." ಆಮೇಲೆ ಅಕ್ಕನ ದನಿ ತಗ್ಗಿತು. "ಆಯ್ತು ಬಿಡು. ನಿಂಗೆ ನನ್ನ ಮಾತು ಬೇಕಾಗಿಲ್ಲ ಅಂದ್ರೆ ನಾನ್ಯಾಕೆ ಬೆಳಗಿಂದ ಸಂಜೆ ತನಕ ಕಣ್ಣು ನೋಯಿಸ್ಕೊಂಡು ಕೂರ್ಲಿ? ಇನ್ಮೇಲೆ ಫೋನ್ ಮಾಡ್ಬೇಡ."

ಆ ದಿನ ಪುಟ್ಟಿ ಹದಿನಾಲ್ಕು ಸಲ ಕಾಲ್ ಮಾಡಿದಳು. ಅಕ್ಕ ಎತ್ತಲಿಲ್ಲ. ಸಂಜೆ ಮನೆಗೇ ಹೋದರೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು, ತಿರುಗಲೂ ಇಲ್ಲ. ಎದುರಿಗೇ ಇದ್ದರೂ ಅಕ್ಕ ಮಾತಾಡದೆ ಇರುವುದು ಪುಟ್ಟಿಯ ಬದುಕಿನಲ್ಲಿ ಅದೇ ಮೊದಲು. ಏನು ತಪ್ಪು ಮಾಡಿದೆ ಎಂದು ತಿಳಿದಿದ್ದರೆ ಕಾಲಿಗೆ ಬೀಳಬಹುದಿತ್ತು, ಅದೂ ತಿಳಿದಿರಲಿಲ್ಲ.

ಮಾರನೆಯ ದಿನ ಹನ್ನೆರಡೂ ಕಾಲಿಗೆ ಟೈಮ್‌ಕೀಪರಮ್ಮ ಕೋಟು ಎಲ್ಲಿಗೆ ಬಂತು ಎಂದು ಕೇಳಲು ಬಂದರು. ಪುಟ್ಟಿ ಸುಳ್ಳು ಹೇಳಲಿಲ್ಲ. ಕೋಟನ್ನು ಹರಡಿ ತೋರಿಸಿದಳು, ಕಣ್ಣೀರು ಸುರಿಸುತ್ತಲೇ ಎಲ್ಲ ಹೇಳಿದಳು. ಟೈಮ್‌ಕೀಪರಮ್ಮ ಕತ್ತರಿಸಿದ ಅಂಚನ್ನು ಬೆರಳಿನಿಂದ ಸವರುತ್ತ ನಿಂತರು. ಅವರ ಮುಖ ಕಪ್ಪಿಟ್ಟಿತು. ಬಯ್ಯಲು ಬಾಯಿ ತೆರೆದವರು ಮೇಜಿನ ಅಂಚು ನೋಡಿ ಹಾಗೇ ನಿಂತರು.

"ಇದೇನಿದು? ನನ್ನ ಬಸ್ ಟೈಮ್ ಇಲ್ಲಿ ಯಾಕೆ ಬರ್ದಿದೀರಿ?"

"ಬಸ್ ಟೈಮಾ? ಅದು ಅಕ್ಕಂಗೆ ಸಿಟ್ಟು ಬರೋ ಟೈಮು ಮೇಡಂ."

"ನಿಮ್ಮಕ್ಕಂಗೆ ನೀಲಿ ಬಸ್ಸು ಬಂದಾಗೆಲ್ಲ ಸಿಟ್ಟು ಬರುತ್ತಾ? ನೋಡಿ. ಒಂಬತ್ತು ನಲವತ್ತು, ನೀಲಿ. ಹನ್ನೊಂದು ಐವತ್ತೈದು, ನೀಲಿ. ಎರಡು ಹತ್ತು, ಮೂರು ನಲವತ್ತು, ಎಲ್ಲ ನೀಲಿ. ಮುಕ್ಕಾಲು ಗಂಟೆಗೊಂದು ಬರುತ್ತೆ. ನಿಮ್ಮ ಎದುರಿಗೇ ನಿಂತು ಐದು ನಿಮಿಷ ಇರುತ್ತೆ. ಕೋಟು ಕತ್ತರಿಸಿದ್ದು ಎಷ್ಟೊತ್ತಿಗೆ?"

"ಹನ್ನೊಂದು ಹತ್ತು."

ಟೈಮ್‌ಕೀಪರಮ್ಮ ಕೋಟನ್ನು ಮಡಚಿ ಪಕ್ಕಕ್ಕಿಟ್ಟರು. "ನಿಮ್ಮ ಫೋನ್ ಕೊಡಿ ಇಲ್ಲಿ. ಇನ್ನು ಸ್ವಲ್ಪ ಹೊತ್ತಿಗೆ ಹನ್ನೆರಡು ನಲವತ್ತರದು ಬರುತ್ತೆ. ನೋಡೇಬಿಡೋಣ."

ಇಬ್ಬರೂ ಮೇಜಿನ ಮೇಲೆ ಬಗ್ಗಿ ಫೋನನ್ನೇ ನೋಡುತ್ತ ಕೂತರು. ಬಸ್ಸು ಬಂದು ಬುಸ್ಸೆಂದು ನಿಂತಿತು. ಕಂಡಕ್ಟರ್ ಅಂಗಡಿಗೇ ಬಂದು ಟೈಮ್‌ಕೀಪರಮ್ಮನ ಸಹಿ ಹಾಕಿಸಿಕೊಂಡು, ಇವರಿಬ್ಬರ ಅವತಾರ ನೋಡಿ ಏನೂ ಕೇಳದೆ ಹೋದ. ಫೋನಿನ ಮೇಲ್ತುದಿಯಲ್ಲಿ ಬೀಸಣಿಗೆಯಾಕಾರದ ಪುಟ್ಟ ಗುರುತು ಮೂಡಿತು. ಅದರ ಕೆಳಗೆ ಒಂದು ಪುಟ ತೆರೆದುಕೊಂಡು ನಂಬರ್ ಹಾಕಿ ಎಂದು ಕೇಳಿತು.

"ಈ ಪುಟ ಆಗಾಗ ಬರುತ್ತೆ ಮೇಡಂ. ಜಾಹೀರಾತು ಅಂತ ಮುಚ್ಚಿಬಿಡ್ತೀನಿ," ಎಂದಳು ಪುಟ್ಟಿ.

"ಜಾಹೀರಾತಲ್ಲ ಕಣಮ್ಮ. ನಿಮ್ಮ ಫೋನು ಬಸ್ ಹತ್ತಿದೆ!"

"ಫೋನು ಇಲ್ಲೇ ಇದೆಯಲ್ಲ?"

"ನೀವು ಯಾವತ್ತಾದ್ರೂ ಬಸ್ಸಲ್ಲಿ ವೈಫೈ ಹಾಕ್ಕೊಂಡಿದ್ರಾ?"

"ಒಂದೇ ಒಂದು ಸಲ."

"ಒಂದು ಸಲ ಸಾಕು. ಫೋನು ಆ ಹೆಸರನ್ನ ನೆನಪಿಟ್ಕೊಂಡಿದೆ. ಎಲ್ಲಾ ನೀಲಿ ಬಸ್ಸಿಗೂ ಹೆಸರು ಒಂದೇ. ಬಸ್ಸು ಬಂದ ತಕ್ಷಣ ನಿಮ್ಮನ್ನ ಒಂದು ಮಾತೂ ಕೇಳದೆ ನಿಮ್ಮ ಸ್ವಂತ ನೆಟ್ ಬಿಟ್ಟು ಅದಕ್ಕೆ ಅಂಟ್ಕೊಳ್ಳುತ್ತೆ. ಅದು ನಂಬರ್ ಕೇಳುತ್ತೆ, ನೀವು ಕೊಡಲ್ಲ. ಹಂಗಾಗಿ ಇಲ್ಲೂ ಇಲ್ಲ, ಅಲ್ಲೂ ಇಲ್ಲ, ಬಾಗಿಲಲ್ಲೇ ನಿಂತ ಹಾಗೆ. ಬಸ್ಸು ಹೋದ್ಮೇಲೆ ವಾಪಸ್ ಬರುತ್ತೆ. ಆ ಐದು ನಿಮಿಷ ನಿಮ್ಮಕ್ಕ ಎಷ್ಟು ಕೂಗಿದ್ರೂ ನಿಮಗೆ ಕೇಳಲ್ಲ."

ಪುಟ್ಟಿಗೆ ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ. "ಆದ್ರೂ ಪುಕ್ಕಟೆ ನೆಟ್ ಅಲ್ವಾ ಮೇಡಂ? ಬರ್ಲಿ ಬಿಡಿ, ನನ್ನ ಡೇಟಾ ಉಳಿಯುತ್ತೆ. ಆ ಹೊತ್ತಲ್ಲಿ ಕತ್ತರಿ ಕೆಳಗಿಟ್ರೆ ಆಯ್ತು."

"ಏನು ಉಳೀತು? ನಮ್ಮಮ್ಮನ ಕೋಟು ಉಳೀತಾ?" ಟೈಮ್‌ಕೀಪರಮ್ಮನ ದನಿ ಸ್ವಲ್ಪ ಬಿಗಿಯಾಯಿತು. ಆಮೇಲೆ ಅವರೇ ಸಮಾಧಾನ ಮಾಡಿಕೊಂಡರು. "ಡಿಪೋದಲ್ಲಿ ನಮ್ಮನ್ನೆಲ್ಲ ಅರ್ಧ ದಿನ ಕೂರ್ಸಿ ಇದನ್ನ ಹೇಳ್ಕೊಟ್ರು. ನಂಗೆ ತಿಳಿದಷ್ಟು ಹೇಳ್ತೀನಿ. ಫೋನಿಗೆ ಕಣ್ಣಿಲ್ಲ. ಅದು ನೋಡೋದು ಹೆಸರನ್ನ ಮಾತ್ರ. ನಾಳೆ ಯಾವನೋ ಖದೀಮ ಅದೇ ಹೆಸರಿಟ್ಟು, ಒಂದು ಚಿಕ್ಕ ವೈಫೈ ಡಬ್ಬಾನ ಚೀಲದಲ್ಲಿ ಹಾಕ್ಕೊಂಡು ನಿಲ್ದಾಣದ ಬೆಂಚಲ್ಲಿ ಕೂತ ಅನ್ನಿ. ನಿಮ್ಮ ಫೋನು ಅದನ್ನೂ ಬಸ್ಸೇ ಅಂದ್ಕೊಂಡು ಹೋಗಿ ಸೇರ್ಕೊಳ್ಳುತ್ತೆ. ಹಿಂಗೇ ಒಂದು ಪುಟ ತೆರ್ಕೊಳ್ಳುತ್ತೆ, ನಂಬರ್ ಹಾಕಿ, ಪಾಸ್‌ವರ್ಡ್ ಹಾಕಿ ಅನ್ನುತ್ತೆ. ಅವಸರದಲ್ಲಿ ನೀವು ಹಾಕ್ತೀರಿ. ಅದು ಹೋಗಿ ಸೇರೋದು ಅವನ ಕೈಗೆ."

ಪುಟ್ಟಿ ಫೋನನ್ನು ಮುಟ್ಟಲೇ ಹೆದರಿ ಕೈ ಹಿಂದಕ್ಕೆ ಎಳೆದುಕೊಂಡಳು. "ಅಯ್ಯೋ, ಇದು ಬೇಡವೇ ಬೇಡ. ತೆಗೆದುಬಿಡಿ ಮೇಡಂ."

"ನಾನು ತೆಗೆಯಲ್ಲ, ನೀವೇ ತೆಗೀರಿ. ಇಲ್ದಿದ್ರೆ ನಾಳೆ ಮತ್ತೆ ನನ್ನ ಬೂತಿಗೇ ಓಡಿ ಬರ್ತೀರಿ. ಸೆಟ್ಟಿಂಗ್ಸ್ ತೆಗೀರಿ. ವೈಫೈ ಒತ್ತಿ. ಬಸ್ಸಿನ ಹೆಸರು ಕಾಣ್ತಿದ್ಯಾ? ಅದರ ಪಕ್ಕದ ಗುರುತು ಒತ್ತಿ. ಈಗ ಅಲ್ಲಿ ಆಟೋ ಕನೆಕ್ಟ್ ಅಂತಿದೆ. ಕೆಲವು ಫೋನಲ್ಲಿ ಆಟೋ ಜಾಯಿನ್ ಅಂತಿರುತ್ತೆ. ಅದನ್ನ ಆಫ್ ಮಾಡಿದ್ರೆ ನೀವಾಗಿ ಒತ್ತೋ ತನಕ ಅದು ಸೇರಲ್ಲ. ಆ ವೈಫೈ ಇನ್ನು ಬೇಡವೇ ಬೇಡ ಅಂದ್ರೆ, ಫರ್ಗೆಟ್ ಅಂತ ಇದೆ ನೋಡಿ, ಅದನ್ನೇ ಒತ್ತಿ. ಹೆಸರೇ ಮರ್ತುಹೋಗುತ್ತೆ."

ಪುಟ್ಟಿ ಸೂಜಿಗೆ ದಾರ ಪೋಣಿಸುವಷ್ಟು ಎಚ್ಚರದಿಂದ ಫರ್ಗೆಟ್ ಒತ್ತಿದಳು. ಹೆಸರು ಮಾಯವಾಯಿತು. ವೈಫೈ ಸೆಟ್ಟಿಂಗಿನ ಇನ್ನೊಂದು ಕಡೆ, ಬೀಗವಿಲ್ಲದ ಬಯಲು ವೈಫೈ ಕಂಡರೆ ತಾನೇ ಸೇರುವ ಗುಂಡಿಯೂ ಆನ್ ಆಗಿತ್ತು. ಅದನ್ನೂ ಆಫ್ ಮಾಡಿಸಿದರು ಟೈಮ್‌ಕೀಪರಮ್ಮ. ಪಟ್ಟಿಯಲ್ಲಿ ಆಸ್ಪತ್ರೆಯ ವೈಫೈ, ಯಾವುದೋ ಹೋಟೆಲಿನ ವೈಫೈ, ಎಂದೋ ಹೋಗಿದ್ದ ಅಂಗಡಿಯ ವೈಫೈ ಎಲ್ಲ ಸಿಕ್ಕವು. ಒಂದೊಂದನ್ನೇ ಅಳಿಸಿದ ಮೇಲೆ ಅಲ್ಲಿ ಉಳಿದದ್ದು ಮನೆಯದು ಒಂದೇ.

ಇನ್ನು ಅಕ್ಕ. ಪುಟ್ಟಿಯ ಕಾಲ್ ಅವಳು ಎತ್ತುವುದಿಲ್ಲ. ಟೈಮ್‌ಕೀಪರಮ್ಮ ನಂಬರ್ ಕೇಳಿ ತಮ್ಮ ಫೋನಿನಿಂದ ವಿಡಿಯೋ ಕಾಲ್ ಹಚ್ಚಿದರು. ಮೂರನೆಯ ರಿಂಗಿಗೆ ದಿಂಬಿನ ನಡುವಿನಿಂದ ಅಕ್ಕನ ಮುಖ ಕಂಡಿತು. ಕಣ್ಣು ಊದಿಕೊಂಡಿತ್ತು.

"ಕೋಟಿನವರು ನಾನು. ನಿಮ್ಮ ತಂಗಿ ಕಟ್ ಮಾಡಿದ್ದಲ್ಲ ಕಣಮ್ಮ. ಕಟ್ ಮಾಡಿದ್ದು ನಮ್ಮ ಬಸ್ಸು," ಎಂದು ಶುರುಮಾಡಿ ಅವರು ಎಲ್ಲ ಬಿಡಿಸಿ ಹೇಳಿದರು. ಅಕ್ಕ ಎರಡು ಸಲ ಕೇಳಿದಳು. ಮೂರನೆಯ ಸಲ ಕೇಳಲಿಲ್ಲ, ಅತ್ತಳು.

"ಪುಟ್ಟಿಗೆ ಕೆಲಸ ಬಂತು, ಇನ್ನು ನಾನು ಬೇಡ ಆದೆ ಅಂದ್ಕೊಂಡೆ. ನಾನು ಕೂಗೋದು, ಅವಳು ಕಟ್ ಮಾಡೋದು. ದಿನಕ್ಕೆ ಆರು ಸಲ, ಏಳು ಸಲ. ಹಾಸಿಗೆ ಹಿಡಿದೋರಿಗೆ ಬೇರೇನು ಅನ್ಸುತ್ತೆ ಹೇಳಿ?"

"ನೀನು ಬೇಡ ಅಂತ ನಾನು ಯಾವತ್ತಾದ್ರೂ ಅಂದಿದೀನಾ ಅಕ್ಕಾ?" ಪುಟ್ಟಿ ಫೋನಿಗೆ ಮುಖ ತಂದು ಕೇಳಿದಳು. "ನೀನು ಸುಮ್ನಾದ್ರೆ ನಂಗೆ ಜೀವವೇ ಹೋಗುತ್ತೆ. ಮೂರು ಎಣಿಸಿ ಕತ್ತರಿಸ್ತೀನಲ್ಲ, ಆ ಧೈರ್ಯ ನಂದಲ್ಲ, ನಿಂದು."

ಅಕ್ಕ ಮೂಗು ಒರೆಸಿಕೊಂಡಳು. ಆಮೇಲೆ ಅವಳಿಗೆ ಅಳು ಮರೆತು ಕೋಟು ನೆನಪಾಯಿತು. "ಕೆಳಗಿಂದ ತೆಗೆದ ಪಟ್ಟಿ ಎಸೆದಿಲ್ಲ ತಾನೆ?"

"ಬುಟ್ಟಿಲಿ ಇದೆ."

"ಬದುಕಿಕೊಂಡ್ವಿ. ಅದನ್ನೇ ಮುಂದಿನ ಅಂಚಿಗೆ ಉದ್ದಕ್ಕೆ ಕೊಟ್ಟು ಗುಂಡಿ ಪಟ್ಟಿ ಮಾಡು. ನೂಲು ಅಡ್ಡ ಬರುತ್ತೆ, ಎಳೆದುಕೊಳ್ಳುತ್ತೆ, ಅದಕ್ಕೆ ಒಳಗೆ ಗಟ್ಟಿ ಕ್ಯಾನ್ವಾಸ್ ಬಟ್ಟೆ ಹಾಕು. ಮೇಡಂ, ಜೋಡಿಸಿದ್ದು ಒಂಚೂರು ಕಾಣುತ್ತೆ. ಆದ್ರೆ ಕೋಟು ಮುಚ್ಚುತ್ತೆ, ಬಟ್ಟೆ ಪೂರ್ತಿ ನಿಮ್ಮಮ್ಮಂದೇ ಇರುತ್ತೆ."

ಟೈಮ್‌ಕೀಪರಮ್ಮ ಕೋಟಿನ ಮೇಲೆ ಕೈಯಿಟ್ಟುಕೊಂಡು ತಲೆಯಾಡಿಸಿದರು. "ಕಾಣ್ಲಿ ಬಿಡಿ. ಮಾಡಿ."

ಪುಟ್ಟಿ ತನ್ನ ಫೋನಿನಲ್ಲೇ ಅಕ್ಕನಿಗೆ ಕಾಲ್ ಹಚ್ಚಿ ದಾರದ ಡಬ್ಬಕ್ಕೆ ಒರಗಿಸಿದಳು. ಪಟ್ಟಿ ಹರಡಿ ಗೆರೆ ಎಳೆದಳು. ಒಂದೂ ಇಪ್ಪತ್ತೈದಕ್ಕೆ ನೀಲಿ ಬಸ್ಸು ಬುಸ್ಸೆಂದು ಎದುರಿಗೆ ನಿಂತಿತು. ಪುಟ್ಟಿ ಕತ್ತರಿ ಎತ್ತಿದವಳು ತಡೆದಳು.

"ಅಕ್ಕಾ, ಇನ್ಮೇಲೆ ಸುಮ್ನಿದ್ರೆ ಸರಿ ಅಂತ ಬೇಡ. ಸರಿ ಇದ್ರೆ ಹೂಂ ಅನ್ನು. ಹೂಂ ಅನ್ನೋ ತನಕ ನಾನು ಕತ್ತರಿಸಲ್ಲ. ಇಲ್ಲಿ?"

ಅಂಗಡಿಯ ಮುಂದೆ ಬಸ್ಸಿನ ಎಂಜಿನ್ನು ಗುರುಗುಟ್ಟುತ್ತಲೇ ಇತ್ತು. ಫೋನಿನ ಮೇಲ್ತುದಿಯಲ್ಲಿ ಯಾವ ಗುರುತೂ ಮೂಡಲಿಲ್ಲ.

"ಹೂಂ," ಎಂದಳು ಅಕ್ಕ. ಚಪ್ಪಲಿ ಅಂಗಡಿಗೂ ಕೇಳಿಸಿತು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಫೋನೂ ಪುಟ್ಟಿಯ ಹಾಗೆಯೇ. ನೀವು ಒಂದು ಸಲ ಹೂಂ ಎಂದಿದ್ದನ್ನು ನೆನಪಿಟ್ಟುಕೊಳ್ಳುತ್ತದೆ, ಆಮೇಲೆ ನೀವು ಸುಮ್ಮನಿದ್ದರೆ ಅದನ್ನೇ ಒಪ್ಪಿಗೆ ಎಂದುಕೊಳ್ಳುತ್ತದೆ. ಈ ಕಥೆ ಅಚ್ಚಾದ ಚೀಟಿಯನ್ನು ಮಡಚುವ ಮುಂಚೆ ಫೋನನ್ನು ಕೈಗೆತ್ತಿಕೊಳ್ಳಿ. ವೈಫೈ ಸೆಟ್ಟಿಂಗ್ಸ್ ತೆರೆದು, ಅದು ನೆನಪಿಟ್ಟುಕೊಂಡಿರುವ ಹೆಸರುಗಳನ್ನೆಲ್ಲ ಒಮ್ಮೆ ಓದಿ. ಬಸ್ಸಿನದು, ನಿಲ್ದಾಣದ್ದು, ಹೋಟೆಲಿನದು ಕಂಡರೆ ಅಳಿಸಿ, ಇಲ್ಲವೇ ತಾನಾಗಿ ಸೇರುವುದನ್ನು ಆಫ್ ಮಾಡಿ. ಗುಂಡಿ ಎಲ್ಲಿದೆ ಎಂದು ತಿಳಿಯದಿದ್ದರೆ ನಂಬಿಕಸ್ಥರನ್ನು ಕೇಳಿ, ಕೇಳಲು ನಾಚಿಕೆ ಬೇಡ. ಮನೆಯಿಂದ ಹೊರಡುವಾಗ ವೈಫೈ ಆಫ್ ಮಾಡುವುದನ್ನು ರೂಢಿ ಮಾಡಿಕೊಂಡರೆ ಇನ್ನೂ ಒಳ್ಳೆಯದು. ಅನಿವಾರ್ಯವಾಗಿ ಬಯಲು ವೈಫೈ ಸೇರಿದರೂ ಅಲ್ಲಿ ತಾನಾಗಿ ತೆರೆದುಕೊಳ್ಳುವ ಪುಟಕ್ಕೆ ಬ್ಯಾಂಕಿನ ವಿವರ, ಪಾಸ್‌ವರ್ಡ್ ಕೊಡಬೇಡಿ.

ಮತ್ತೆ ಒಂದು ಮಾತು. ನಿಮ್ಮವರ ದನಿ ಫೋನಿನಲ್ಲಿ ಇದ್ದಕ್ಕಿದ್ದಂತೆ ನಿಂತುಹೋದರೆ ಅವರ ಮೇಲೆ ಸಿಟ್ಟಾಗುವ ಮುಂಚೆ ನಿಮ್ಮ ಫೋನು ಯಾವ ಬಸ್ಸು ಹತ್ತಿದೆ ಎಂದು ನೋಡಿ.